ಹಪ್ಪಳ ಎಣುಸಿ ಹಲಸಿನಕಾಯಿ ಲೆಕ್ಕ ಹೇಳುದು

ಎನ್ನ ಮಗಳು ಎಂತ ಕಲಿವದು ಹೇಳಿ ಕೇಳದ್ದ ನೆಂಟ್ರು ಪುತ್ತೂರಿಂದ ಸುಳ್ಯ ವರೆಗೆ ಆರೂ ಬಾಕಿ ಇಲ್ಲೆ. ಸುರುವಿಂಗೆ "ಫಿಸಿಕ್ಸಿಲ್ಲಿ ಪಿಎಚ್‌ಡಿ, ಕೋಲ್ಕತ್ತಲ್ಲಿ" ಹೇಳಿರೆ ಅಲ್ಲಿಗೆ ಆ ಮಾತು ಮುಗುದು ಅಡಕ್ಕೆ ರೇಟಿನ ಸುದ್ದಿ ಸುರು ಆಗಿಗೊಂಡಿತ್ತು. ಈಗ ಆರನೇ ವರ್ಷ. ಈಗ ಕೇಳುವ ನಮುನೆಯೇ ಬೇರೆ. "ಎಂತ ಕಂಡುಹಿಡುದತ್ತು ಅಂಬಗ?" ಕಡಬ ಹೊಡೆಯಾಣ ಒಂದು ಅತ್ತಿಗೆ ಜೆಂಬ್ರದ ಹಂತಿಲಿ ಹತ್ತರೆ ಕೂದುಗೊಂಡು, "ಐದು ವರ್ಷಂದ ಎಣುಸುದೇ ಆತಲ್ಲದೋ, ಇನ್ನೂ ಎಣುಸಿ ಮುಗುದ್ದಿಲ್ಲೆಯೋ?" ಹೇಳಿ ನೆಗೆ ಮಾಡಿತ್ತು. ಅದು ತಮಾಶೆಗೆ ಹೇಳಿದ್ದು, ಎನಗೆ ಬೇಜಾರಿಲ್ಲೆ. ಆದರೆ ಒಂದು ಸಂಬಂಧ ಬಂದದುದೆ ಇದೇ ಮಾತಿಲ್ಲಿ ನಿಂದತ್ತು. ಮಾಣಿಯ ಅಬ್ಬೆ ಫೋನಿಲ್ಲಿ, "ಕೂಸು ಎಂತ ಕೆಲಸ ಮಾಡ್ತು ಹೇಳಿ ಎಂಗೊಗೆ ನಾಲ್ಕು ಜೆನರ ಹತ್ತರೆ ಹೇಳ್ಲೆ ಎಡಿಯೆಕ್ಕನ್ನೆ" ಹೇಳಿದವು. ಅವು ಕೇಳಿದ್ದು ನ್ಯಾಯವೇ. ಮತ್ತೆ ಅವರ ಫೋನು ಬಯಿಂದಿಲ್ಲೆ.

ಹಾಂಗಾಗಿ ಈ ಸರ್ತಿ ಅಡಿಗೆ ಸುದ್ದಿ ಬಿಟ್ಟು ಇದರ ಬರೆತ್ತೆ. ಆನು ಕಲ್ತದು ಪಿಯುಸಿ ವರೆಗೆ, ಅದುದೆ ಕಾಮರ್ಸು. ಮದುವೆ ಆಗಿ ಬಂದ ಮತ್ತೆ ಆನು ಹಾಕಿದ ಲೆಕ್ಕ ಹೇಳಿರೆ ಡೈರಿಯ ಹಾಲಿಂದು, ಆಳುಗಳ ಸಂಬಳದ್ದು, ಸೊಲುದ ಅಡಕ್ಕೆದು, ಹಪ್ಪಳದ್ದು. ಮಗಳು ಕಳುದ ಮೇ ತಿಂಗಳಿಲ್ಲಿ ಇಪ್ಪತ್ತು ದಿನ ಮನೆಲಿತ್ತು, ಪ್ರಬಂಧ ಬರವಲೆ ಹೇಳಿ. ಎಂಗೊಗೆ ಅದು ಹಪ್ಪಳದ ಸಮಯ. ಜೆಗಿಲಿಲಿ ಅದು ಲ್ಯಾಪ್‌ಟಾಪು ಮಡುಗಿ ಕೂಪದು, ಆನುದೆ ಅತ್ತೆಯುದೆ ಹತ್ತರೆ ಸೊಳೆ ಬಿಡ್ಸುದು. ಅಂಬಗ ಕೇಳಿ ತಿಳ್ಕೊಂಡದರ ನಮ್ಮ ಭಾಷೆಲಿ ಹೇಳ್ತೆ. ಓದಿ ನೋಡಿ, ನಾಲ್ಕು ಜೆನಕ್ಕೆ ಹೇಳ್ಲೆ ಎಡಿಗೋ ಹೇಳಿ.

ಪ್ರೋಟಾನು ಹೇಳಿರೆ ಎಲ್ಲಾ ವಸ್ತುಗಳ ಒಳ ಇಪ್ಪ ಸಣ್ಣ ಕಣ, ಹೈಸ್ಕೂಲಿಲ್ಲಿ ನಾವೆಲ್ಲ ಓದಿದ್ದು. ಅದರ ಒಳ ಇನ್ನೂ ಸಣ್ಣ, ಕ್ವಾರ್ಕು ಹೇಳಿ. ಅದರಲ್ಲಿ ಆರು ನಮುನೆ. ನಮ್ಮ ಮೈ, ಮನೆ, ತೋಟ, ಒಲೆಯ ಮೇಗಾಣ ಪಾತ್ರ ಎಲ್ಲದರ ಪ್ರೋಟಾನುದೆ ನ್ಯೂಟ್ರಾನುದೆ ಅಪ್ಪು, ಡೌನು ಹೇಳುವ ಎರಡು ಹಗುರದ ಕ್ವಾರ್ಕಿಂದ ಆದ್ದು. ಮೂರನೇದು ಸ್ಟ್ರೇಂಜು, ರಜ್ಜ ಭಾರ. ಒಳುದ ಮೂರು ನಿಜವಾಗಿ ಭಾರದ್ದು: ಚಾರ್ಮು, ಬಾಟಮ್ಮು, ಟಾಪು. ಚಾರ್ಮು ಕ್ವಾರ್ಕು ಒಂದೇ ಒಂದು ಇಡೀ ಪ್ರೋಟಾನಿಂದ ಭಾರ. ಬಾಟಮ್ಮು ನಾಲ್ಕು ಪ್ರೋಟಾನಿಂದಲೂ ಭಾರ.

"ಪ್ರೋಟಾನಿನ ಒಳಂದ ಪ್ರೋಟಾನಿಂದ ಭಾರದ್ದು ಹೆರ ಬಪ್ಪದು ಹೇಂಗೆ? ಕುಡ್ತೆಲಿ ಅಳದ ಅಕ್ಕಿ ಸೇರಿಲ್ಲಿ ಅಳವಗ ತುಂಬಿ ಚೆಲ್ಲುತ್ತೋ?" ಹೇಳಿ ಆನು ಕೇಳಿದೆ. ಒಳ ಇತ್ತಿದ್ದದು ಹೆರ ಬಪ್ಪದಲ್ಲಡ. ಎರಡು ಪ್ರೋಟಾನು ಎದುರಾ ಎದುರು ಓಡಿ ಬಂದು ಡಿಕ್ಕಿ ಹೊಡವಗ ಆ ಓಟದ ಶಕ್ತಿಯೇ ಹೊಸ ಕಣಂಗೊ ಆಗಿ ಹುಟ್ಟುದಡ. ಶಕ್ತಿಯ ತೂಕಕ್ಕೆ ಬದಲುಸುಲೆ ಆವ್ತು ಹೇಳಿ ಐನ್‌ಸ್ಟೈನ್ ಹೇಳಿದ್ದು ಅದನ್ನೇ. ಭಾರದ ಕ್ವಾರ್ಕು ಬೇಕಾರೆ ಅಷ್ಟು ಜೋರಿನ ಡಿಕ್ಕಿ ಬೇಕು. ಹಾಂಗೆ ಹುಟ್ಟಿದ ಕ್ವಾರ್ಕು ಒಂಟಿಯಾಗಿ ಒಂದು ಕ್ಷಣವೂ ಕಾಂಬಲೆ ಸಿಕ್ಕುತ್ತಿಲ್ಲೆ. ಹುಟ್ಟಿದ ಹಾಂಗೇ ಬೇರೆ ಕ್ವಾರ್ಕಿನೊಟ್ಟಿಂಗೆ ಸೇರಿಗೊಳ್ತು. ಒಂದು ಕ್ವಾರ್ಕು, ಒಂದು ಪ್ರತಿಕ್ವಾರ್ಕು ಜೋಡಿ ಆದರೆ ಮೆಸಾನು. ಮೂರು ಸೇರಿರೆ ಬೇರಿಯಾನು, ಪ್ರೋಟಾನುದೆ ಅದೇ ಜಾತಿ. ಭಾರದ ಕ್ವಾರ್ಕಿಪ್ಪ ಮೆಸಾನುಗೊ ಎಷ್ಟು ಹುಟ್ಟುತ್ತು ಹೇಳಿ ಅಳವದು ಎನ್ನ ಮಗಳ ಕೆಲಸ. ಅದು ಅಳವದು ಡಿ ಸೊನ್ನೆ ಹೇಳುವ ಮೆಸಾನಿನ, ಚಾರ್ಮು ಇಪ್ಪದರ.

ಹೊಸತ್ತು ಕಂಡುಹಿಡುದ್ದೋ ಹೇಳಿರೆ, ಅಲ್ಲ. ಚಾರ್ಮು ಇದ್ದು ಹೇಳಿ ಗೊಂತಾಗಿ ಐವತ್ತು ವರ್ಷ ಕಳುತ್ತು. 1974ನೇ ಇಸವಿ ನವೆಂಬರಿಲ್ಲಿ ಅಮೇರಿಕದ ಎರಡು ಗುಂಪು ಬೇರೆ ಬೇರೆ ಜಾಗೆಲಿ ಒಂದೇ ಕಣವ ಕಂಡವು. ಒಂದು ಗುಂಪು ಅದಕ್ಕೆ ಜೆ ಹೇಳಿ ಹೆಸರು ಮಡುಗಿತ್ತು, ಇನ್ನೊಂದು ಗುಂಪು ಸೈ ಹೇಳಿ. ಆರೂ ಬಿಟ್ಟುಕೊಟ್ಟಿದವಿಲ್ಲೆ. ಹಾಂಗಾಗಿ ಇಂದಿಂಗೂ ಅದರ ಹೆಸರು ಜೆ/ಸೈ. ಬಾಬೆಗೆ ಅಪ್ಪನ ಮನೆಯವು ಒಂದು, ಅಬ್ಬೆಯ ಮನೆಯವು ಒಂದು ಹೆಸರು ದೆನುಗೊಳುವ ಹಾಂಗೆ. ಟಿಂಗ್, ರಿಕ್ಟರ್ ಹೇಳುವ ಇಬ್ರಿಂಗೆ 1976ರಲ್ಲಿ ನೊಬೆಲ್ ಸಿಕ್ಕಿತ್ತು. 1977ರಲ್ಲಿ ಬಾಟಮ್ಮುದೆ ಸಿಕ್ಕಿತ್ತು. ಅಂಬಗ ಕಂಡುಹಿಡಿವಲೆ ಎಂತ ಒಳುದ್ದು? ಎಷ್ಟು ಹೇಳುದು ಒಳುದ್ದು. ಇದ್ದು ಹೇಳುದು ಒಂದು ಮಾತು, ಎಷ್ಟು ಇದ್ದು ಹೇಳುದು ಬೇರೆಯೇ ಮಾತು. ತೋಟಲ್ಲಿ ಅಡಕ್ಕೆ ಇದ್ದು ಹೇಳಿ ದಾರಿಲಿ ಹೋಪವಂಗೂ ಗೊಂತು. ಎಷ್ಟು ಖಂಡಿ ಅಕ್ಕು ಹೇಳಿ ಗೇಣಿಗೆ ಕೇಳುವವಂಗೆ ಹೇಳೆಕ್ಕಾರೆ ಎಷ್ಟು ಸರ್ತಿ ತೋಟ ಸುತ್ತೆಕ್ಕು!

ಡಿಕ್ಕಿ ಹೊಡೆಶುವ ಜಾಗೆ ಸ್ವಿಝರ್ಲೆಂಡಿನ ಜಿನೀವಾದ ಹತ್ತರೆ, ಸರ್ನ್ ಹೇಳಿ. ಭೂಮಿಯ ಅಡಿಲಿ 27 ಕಿಲೋಮೀಟರು ಸುತ್ತಿನ ಸುರಂಗ. ಪುತ್ತೂರಿಂದ ಹೆರಟು ಹತ್ತರತ್ತರೆ ಸುಳ್ಯ ಎತ್ತುವಷ್ಟು ದೂರ ಗ್ರೇಶಿಗೊಳ್ಳಿ. ಆ ಸುತ್ತಿನ ಪ್ರೋಟಾನು ಒಂದು ಸೆಕೆಂಡಿಲ್ಲಿ 11 ಸಾವಿರ ಸರ್ತಿಂದ ಹೆಚ್ಚು ಸುತ್ತುತ್ತಡ. ಎಂಗಳ ಬಸ್ಸು ಕಾವಿನ ತಿರ್ಗಾಸಿಲ್ಲಿ ಒಂದರಿ ತಿರುಗುಲೆ ಬ್ರೇಕು ಹಾಕುವಷ್ಟು ಹೊತ್ತಿಲ್ಲಿ!

ಈ ಸುರಂಗದ ಸುದ್ದಿಲಿ ಎನಗೆ ಭಾರೀ ಕೊಶಿ ಆದ್ದು ಅದರ ಜಾಕಿನ ವಿಷಯ. ಪ್ರೋಟಾನಿನ ದಾರಿ ತಪ್ಪದ್ದ ಹಾಂಗೆ ತಿರುಗುಸುಲೆ 1232 ದೊಡ್ಡ ಅಯಸ್ಕಾಂತಂಗೊ ಇದ್ದಡ, ಒಂದೊಂದು 15 ಮೀಟರು ಉದ್ದ, 35 ಟನ್ನು ಭಾರ. ಒಂದೊಂದರ ಅಡಿಂಗೆ ಮೂರು ಜಾಕು. ಮೂರೇ ಎಂತಕೆ ಹೇಳಿ ಆನು ಕೇಳಿದ್ದಿಲ್ಲೆ, ಅತ್ತೆಯೇ ಹೇಳಿದವು: "ಒಲೆಗೆ ಮೂರು ಕಲ್ಲು ಮಡುಗಿರೆ ಪಾತ್ರ ಯಾವಗಲೂ ಅಲುಗ. ನಾಲ್ಕು ಮಡುಗಿ ನೋಡು, ಒಂದು ಗಿಡ್ಡ ಆಗಿಯೇ ಆವ್ತು." ಮಗಳು ಬೆರಳು ಎತ್ತಿ ಅಜ್ಜಿಗೆ ಒಪ್ಪಿತ್ತು. ಆ ನಮುನೆಯ 6800 ಜಾಕುಗೊ ನಮ್ಮ ದೇಶಂದ ಹೋದ್ದು, ಇಂದೋರಿಲ್ಲಿದೆ ನಮ್ಮ ಬೆಂಗ್ಳೂರಿಲ್ಲಿದೆ ಮಾಡ್ಸಿದ್ದು. 35 ಟನ್ನಿನ ಒಂದು ಮಿಲ್ಲಿಮೀಟರಿನ ಇಪ್ಪತ್ತರಲ್ಲಿ ಒಂದು ಪಾಲಿನಷ್ಟು ಮಾಂತ್ರ ಆಚಿಗೆ ಈಚಿಗೆ ಜಾರ್ಸುಲೆ ಎಡಿತ್ತಡ ಅದರಲ್ಲಿ. ಅಲ್ಯಾಣ ಸಿಎಂಎಸ್ ಹೇಳುವ ಒಂದು ಡಿಟೆಕ್ಟರಿಂಗೆ ಬೇಕಾದ ಸಿಲಿಕಾನಿನ ಸಾಮಾನುದೆ ಬೆಂಗ್ಳೂರಿನ ಬಿಇಎಲ್ಲಿಲ್ಲಿ ಮಾಡಿದ್ದಡ. ಮಗಳು ಇಪ್ಪದು ಆಲಿಸ್ ಹೇಳುವ ಇನ್ನೊಂದು ಡಿಟೆಕ್ಟರಿಲ್ಲಿ. ಅದು 10 ಸಾವಿರ ಟನ್ನು ಭಾರ, 26 ಮೀಟರು ಉದ್ದ, ಎಂಗಳ ಮನೆಯ ಎರಡು ಸರ್ತಿ ಒಳ ಮಡುಗುಲಕ್ಕು. ಅದರಲ್ಲಿ ಮ್ಯುಆನು ಹೇಳುವ ಕಣ ಹಿಡಿವ ಭಾಗದ ಒಂದು ಚಿಪ್ಪು ಕೋಲ್ಕತ್ತದ ಸಾಹಾ ಸಂಸ್ಥೆಯವು ನಕ್ಷೆ ಮಾಡಿ ಚಂಡೀಗಡಲ್ಲಿ ಮಾಡ್ಸಿದ್ದು. ಅಂಬಗ ಇದು "ಎಲ್ಲಿಯಾಣದೋ ಬಿಳಿಯರ ಕೆಲಸ" ಅಲ್ಲ. ಅವರ ಸುರಂಗಲ್ಲಿ ಅಯಸ್ಕಾಂತ ಕೂದುಗೊಂಡಿಪ್ಪದೇ ನಮ್ಮ ಒಲೆಕಲ್ಲಿನ ಮೇಗೆ.

ಈಗ ಎಣುಸುವ ವಿಷಯ. ಡಿ ಸೊನ್ನೆ ಮೆಸಾನು ಹುಟ್ಟಿ ಒಂದು ಸೆಕೆಂಡಿನ ಲಕ್ಷ ಕೋಟಿಲಿ ಒಂದು ಪಾಲಿನ ಅರ್ಧವೂ ಬದ್ಕುತ್ತಿಲ್ಲೆ. ಆ ಹೊತ್ತಿಲ್ಲಿ ಅದು ಓಡುದು ಒಂದು ತಲೆಕೂದಲಿನ ದಪ್ಪಂದ ರಜ್ಜ ಹೆಚ್ಚು ದೂರ. ಮತ್ತೆ ಒಡದು ಬೇರೆ ಕಣಂಗೊ ಆವ್ತು. ನೂರರಲ್ಲಿ ನಾಲ್ಕು ಸರ್ತಿ ಕೇಯಾನು ಒಂದು, ಪಯಾನು ಒಂದು, ಎರಡೇ ಆಗಿ ಒಡೆತ್ತು. ಈ ಎರಡರ ದಾರಿ ಮಾಂತ್ರ ಡಿಟೆಕ್ಟರಿಲ್ಲಿ ಗೆರೆ ಎಳದ ಹಾಂಗೆ ಕಾಣ್ತು. ಅಂಬಗ ಇವು ನೋಡುದು ಡಿ ಸೊನ್ನೆಯ ಅಲ್ಲ, ಅದು ಸತ್ತ ಮತ್ತೆ ಒಳುದ ಎರಡು ಗೆರೆಯ.

ಕಷ್ಟ ಇಪ್ಪದು ಎಂತರಲ್ಲಿ ಹೇಳಿರೆ, ಒಂದೊಂದು ಡಿಕ್ಕಿಲಿ ಹಾಂಗಿಪ್ಪ ಗೆರೆಗೊ ಸುಮಾರು ಇರ್ತು. ಆಲಿಸಿಲ್ಲಿ ಸೆಕೆಂಡಿಂಗೆ ಸುಮಾರು ಐದು ಲಕ್ಷ ಡಿಕ್ಕಿ. ಯಾವ ಕೇಯಾನು ಯಾವ ಪಯಾನಿನ ಒಟ್ಟಿಂಗೆ ಹುಟ್ಟಿದ್ದು ಹೇಳಿ ಆರಿಂಗೂ ಗೊಂತಿಲ್ಲೆ. ಜೆಂಬ್ರದ ಮನೆಯ ಜಾಲಿಲ್ಲಿ ಬಿಟ್ಟ ಮುನ್ನೂರು ಜೋಡಿ ಚಪ್ಪಲಿಯ ಆರೋ ಕಾಲಿಲ್ಲಿ ಕಲಸಿ ಹಾಕಿದ ಹಾಂಗೆ. ಅಂಬಗ ಎಂತ ಮಾಡುದು? ಎಲ್ಲದರ ಎಲ್ಲದರೊಟ್ಟಿಂಗೆ ಜೋಡಿ ಮಾಡಿ ನೋಡುದು. ಒಂದೊಂದು ಜೋಡಿಗೂ, ಇವೆರಡು ಒಂದರಿಂದಲೇ ಹುಟ್ಟಿದ್ದಾದರೆ ಆ ಒಂದರ ತೂಕ ಎಷ್ಟಿಕ್ಕು ಹೇಳಿ ಲೆಕ್ಕ ಹಾಕುದು. ಸುಳ್ಳು ಜೋಡಿಗಳ ತೂಕ ಹೇಂಗಾರೂ ಬಕ್ಕು. ನಿಜವಾದ ಜೋಡಿದು ಮಾಂತ್ರ ಪ್ರತಿ ಸರ್ತಿಯೂ ಒಂದೇ ಜಾಗೆಲಿ, ಪ್ರೋಟಾನಿನ ಎರಡು ಪಾಲಿಂಗೆ ರಜ್ಜ ಕಮ್ಮಿ ಹೇಳುವಲ್ಲಿ ಬಂದು ಕೂರ್ತು.

ಮಗಳು ಆ ಚಿತ್ರ ತೋರ್ಸಿತ್ತು. ಎಡಂದ ಬಲಕ್ಕೆ ಇಳುಕ್ಕೊಂಡು ಹೋಪ ಒಂದು ಗುಡ್ಡೆ, ಅದರ ನೆಡುಕೆ ಒಂದು ಸಣ್ಣ ಹುತ್ತ. ಗುಡ್ಡೆ ಇಡೀ ಸುಳ್ಳು ಜೋಡಿಗೊ. ಹುತ್ತ ಮಾಂತ್ರ ಡಿ ಸೊನ್ನೆ. ಹುತ್ತ ಇಲ್ಲದ್ದರೆ ಆ ಜಾಗೆಲಿ ಗುಡ್ಡೆ ಎಷ್ಟು ಎತ್ತರ ಇರ್ತಿತ್ತು ಹೇಳಿ ಆಚ ಹೊಡೆ ಈಚ ಹೊಡೆ ನೋಡಿ ಗೆರೆ ಎಳದು, ಅದರ ಕಳದು, ಮೇಗೆ ಒಳುದ್ದರ ಎಣುಸೆಕ್ಕು. ಎನ್ನ ಕೂಸು ಆ ಹುತ್ತದ ಹತ್ತರೆ ಇಷ್ಟು ವರ್ಷ ಕೂಯಿದು.

ಅಷ್ಟಕ್ಕೆ ಮುಗಿತ್ತಿಲ್ಲೆ. ಹುತ್ತಲ್ಲಿ ಇಪ್ಪದೆಲ್ಲ ನೇರ ಡಿಕ್ಕಿಲಿ ಹುಟ್ಟಿದ್ದೂ ಅಲ್ಲ. ಬಾಟಮ್ಮು ಇಪ್ಪ ಬಿ ಮೆಸಾನುದೆ ಒಡದಪ್ಪಗ ಹೆಚ್ಚಾಗಿ ಡಿ ಮೆಸಾನು ಕೊಡ್ತಡ. ಆಚಮನೆಯ ಮರದ ಹಲಸಿನಕಾಯಿ ನಮ್ಮ ಜಾಲಿಂಗೆ ಉರುಳಿ ಬಂದ ಹಾಂಗೆ. ಅದರ ಬೇರೆ ಮಾಡೆಕ್ಕು. ಬಿ ರಜ್ಜ ಹೆಚ್ಚು ಹೊತ್ತು ಬದ್ಕುತ್ತು, ಅರ್ಧ ಮಿಲ್ಲಿಮೀಟರಿನಷ್ಟು ದೂರ ಹೋಗಿ ಒಡೆತ್ತು. ಆ ಅರ್ಧ ಮಿಲ್ಲಿಮೀಟರಿನ ನೋಡಿಯೇ ಇದು ಆರ ಮರದ ಕಾಯಿ ಹೇಳಿ ಹೇಳುದು. ಅದಕ್ಕಾಗಿಯೇ ಡಿಕ್ಕಿ ಅಪ್ಪ ಜಾಗೆಯ ಸುತ್ತ ಹತ್ತು ಚದರ ಮೀಟರು ಜಾಗೆಲಿ 1250 ಕೋಟಿ ಪಿಕ್ಸೆಲ್ಲಿಪ್ಪ ಕೆಮರದ ಹಾಂಗಿಪ್ಪದರ ಮಡುಗಿದ್ದವಡ. ಎನ್ನ ಫೋನಿಲ್ಲಿ ಐದು ಕೋಟಿ ಇದ್ದು ಹೇಳಿ ಅಂಗಡಿಯವ ಹೊಗಳಿ ಹೊಗಳಿ ಮಾರಿದ್ದ.

ಮತ್ತೆ, ಎಣುಸುವಗ ಬಿಟ್ಟು ಹೋದ್ದು ಎಷ್ಟು? ಇಲ್ಲಿ ಎಂಗಳ ಮನೆಯ ಹಳೇ ಕತೆ ಒಂದು ಬಂತು. ಮಾವ ಇಪ್ಪಗ ಅವಕ್ಕೆ ಒಂದು ಸಂಶಯ, ಬಿದ್ದ ಅಡಕ್ಕೆ ಹೆರ್ಕುವವು ತೋಟಲ್ಲಿ ಸುಮಾರು ಬಿಟ್ಟು ಬತ್ತವು ಹೇಳಿ. ಒಂದರಿ ಆರಿಂಗೂ ಹೇಳದ್ದೆ ನೂರು ಹಣ್ಣಡಕ್ಕೆಗೆ ಸುಣ್ಣದ ಬೊಟ್ಟು ಹಾಕಿ ಹೊತ್ತೋಪಗ ತೋಟಲ್ಲಿ ಚೆಲ್ಲಿ ಬಂದವು. ಮರದಿನ ಹೆಡಗೆ ಜಾಲಿಂಗೆ ಬಂದಪ್ಪಗ ಬೊಟ್ಟಿಪ್ಪದರ ಎಣುಸಿದವು, 80 ಇತ್ತು. ಅಂಬಗ ಹೆಡಗೆಲಿ 80 ಇದ್ದರೆ ತೋಟಲ್ಲಿ ಇದ್ದದು 100 ಹೇಳಿ ಅವರ ಲೆಕ್ಕ. ಮಗಳಿಂಗೆ ಇದರ ಹೇಳಿದ್ದೇ ತಡ, ಅದು ಲ್ಯಾಪ್‌ಟಾಪು ಮುಚ್ಚಿತ್ತು. "ಅಮ್ಮಾ, ಎಂಗೊ ಮಾಡುದು ಅದನ್ನೇ" ಹೇಳಿತ್ತು. ಕಂಪ್ಯೂಟರಿಲ್ಲಿ ಲೆಕ್ಕ ಗೊಂತಿಪ್ಪ ಸುಳ್ಳು ಡಿ ಸೊನ್ನೆಗಳ ಹುಟ್ಟುಸುದು, ಡಿಟೆಕ್ಟರಿನ ನಕಲಿನ ಒಳ ಬಿಡುದು, ಹೆರ ಎಷ್ಟು ಸಿಕ್ಕಿತ್ತು ನೋಡುದು. ನೂರರಲ್ಲಿ ಹತ್ತೇ ಸಿಕ್ಕಿರೆ, ನಿಜವಾದ ಲೆಕ್ಕವ ಹತ್ತರಿಂದ ಗುಣುಸುದು.

ಅಷ್ಟಪ್ಪಗ ಅತ್ತೆ ಸೊಳೆಂದ ತಲೆ ಎತ್ತದ್ದೇ ಹೇಳಿದವು: "ಆ ಲೆಕ್ಕ ಸರಿ ಇತ್ತಿಲ್ಲೆ. ಬೆಳಿ ಬೊಟ್ಟು ಇದ್ದರೆ ಎಲೆ ಅಡಿಲಿದ್ದರೂ ಕಣ್ಣಿಂಗೆ ಕಾಣ್ತು. ಬೊಟ್ಟು ಇಲ್ಲದ್ದದು ಇನ್ನೂ ಹೆಚ್ಚು ಬಿಟ್ಟು ಹೋಕು. ಆನು ಅಂದೇ ಹೇಳಿದ್ದೆ, ನಿಂಗಳ ಮಾವ ಕೇಳೆಕ್ಕನ್ನೆ."

ಮಗಳು ಒಂದು ನಿಮಿಷ ಮಾತಾಡಿದ್ದಿಲ್ಲೆ. ಮತ್ತೆ ಹೇಳಿತ್ತು, ಎನ್ನ ಆರು ವರ್ಷಲ್ಲಿ ಮೂರು ವರ್ಷ ಹೋದ್ದು ಅಜ್ಜಿ ಈಗ ಹೇಳಿದ ಆ ಒಂದು ಪ್ರಶ್ನೆಗೆ ಹೇಳಿ. ಕಂಪ್ಯೂಟರಿನ ಸುಳ್ಳು ಕಣಕ್ಕುದೆ ನಿಜವಾದ ಕಣಕ್ಕುದೆ ಇಪ್ಪ ವೆತ್ಯಾಸ ಎಷ್ಟು, ಬೊಟ್ಟು ಹಾಕಿದ್ದರಿಂದಲೇ ಹೆಚ್ಚು ಸಿಕ್ಕಿತ್ತೋ, ಗುಡ್ಡೆಯ ಗೆರೆ ರಜ್ಜ ಮೇಗೆ ಎಳದ್ದಾದರೆ ಹುತ್ತ ಎಷ್ಟು ಕುಗ್ಗುಗು, ಕೇಯಾನಿನ ಪಯಾನು ಹೇಳಿ ತಿಳ್ಕೊಂಡದು ಎಷ್ಟು ಸರ್ತಿ. ಒಂದೊಂದರನ್ನೂ ಬದಲುಸಿ ಬದಲುಸಿ ಪುನಾ ಎಣುಸೆಕ್ಕು. ಅದೆಲ್ಲ ಮುಗುದಪ್ಪಗ ಲೆಕ್ಕದ ಹತ್ತರೆ ಹೆಚ್ಚುಕಮ್ಮಿಯ ಗುರುತು ಹಾಕಿ ಇನ್ನೊಂದು ಸಣ್ಣ ಸಂಖ್ಯೆ ಬರೆತ್ತವು. ದೊಡ್ಡ ಸಂಖ್ಯೆ ಬಪ್ಪಲೆ ಒಂದು ವರ್ಷ ಸಾಕಾತು, ಸಣ್ಣ ಸಂಖ್ಯೆಗೆ ಒಳುದ ವರ್ಷಂಗೊ. ನಮ್ಮ ಕಡಬದ ಅತ್ತಿಗೆಗೆ ಉತ್ತರ ಇದುವೇ: ಎಣುಸಿ ಎಂದೋ ಮುಗುದ್ದು, ಎಣುಸಿದ್ದರಲ್ಲಿ ಎಷ್ಟು ನಂಬುಲಕ್ಕು ಹೇಳಿ ನೋಡುದು ಮುಗುದ್ದಿಲ್ಲೆ.

ಇನ್ನೊಂದು ಹೆಚ್ಚುಕಮ್ಮಿ ಇದ್ದು, ಅದು ಬರೇ ಎಣಿಕೆಂದಲೇ ಬಪ್ಪದು. ನೂರು ಎಣುಸಿರೆ ಹತ್ತು ಆಚೆ ಈಚೆ, ಹತ್ತು ಸಾವಿರ ಎಣುಸಿರೆ ನೂರು ಆಚೆ ಈಚೆ. ಅಂಬಗ ನೂರಕ್ಕೆ ಹತ್ತು ಇದ್ದದು ನೂರಕ್ಕೆ ಒಂದು ಆತು. ಹತ್ತು ಪಾಲು ನಿಖರ ಆಯೆಕ್ಕಾರೆ ನೂರು ಪಾಲು ಎಣುಸೆಕ್ಕು. ಸುಮ್ಮನೆ ಅಲ್ಲ ಅವು ವರ್ಷಗಟ್ಟಲೆ ಡಿಕ್ಕಿ ಹೊಡೆಶುದು.

ಅಂದ ಹಾಂಗೆ ಈ ಲೆಕ್ಕವ ಬರವ ಅಳತೆಯ ಹೆಸರು ಬಾರ್ನ್. ಬಾರ್ನ್ ಹೇಳಿರೆ ಇಂಗ್ಲೀಷಿಲ್ಲಿ ಹುಲ್ಲು ತುಂಬುಸುವ ಕೊಟ್ಟಗೆ! ಯುದ್ಧದ ಸಮಯಲ್ಲಿ ಅಮೇರಿಕದ ವಿಜ್ಞಾನಿಗೊ, ಯುರೇನಿಯಮ್ಮಿನ ನಡು ಕೊಟ್ಟಗೆಯಷ್ಟು ದೊಡ್ಡ, ಗುರಿ ತಪ್ಪುಲೇ ಇಲ್ಲೆ ಹೇಳಿ ತಮಾಶೆಗೆ ಮಡುಗಿದ ಹೆಸರಡ. ಎಂಗಳ ಹಟ್ಟಿಯ ಹೆಸರಿಲ್ಲಿ ಅಳವದಾದರೆ ಎನಗೂ ರಜ್ಜ ಅಧಿಕಾರ ಇದ್ದನ್ನೆ.

ಈಗ ಹಪ್ಪಳದ ಸುದ್ದಿಗೆ ಬತ್ತೆ, ತಲೆಬರಹ ಅದೇ ಅಲ್ಲದೋ. ಚಾರ್ಮು ಒಂಟಿಯಾಗಿ ಕಾಂಬಲೆ ಸಿಕ್ಕುತ್ತಿಲ್ಲೆ ಹೇಳಿದೆ. ಡಿಕ್ಕಿಲಿ ಒಟ್ಟು ಎಷ್ಟು ಚಾರ್ಮು ಹುಟ್ಟಿತ್ತು ಹೇಳಿ ಬೇಕಾರೆ ಅದು ಎಂತೆಲ್ಲ ಆತು ಹೇಳಿ ಗೊಂತಿರೆಕ್ಕು. ಜೆಗಿಲಿಗೆ ಬಂದವು ಹಲಸಿನಕಾಯಿಯ ನೋಡ್ತವಿಲ್ಲೆ, ಹಪ್ಪಳ, ಉಪ್ಪುಸೊಳೆ, ಸೋಂಟೆ, ಪೆರಟಿ ನೋಡ್ತವು. ನೂರು ಕಾಯಿಲಿ ಎಷ್ಟು ಹಪ್ಪಳಕ್ಕೆ ಹೋವ್ತು ಹೇಳಿ ಗೊಂತಿದ್ದರೆ, ಹಪ್ಪಳ ಎಣುಸಿ ಕಾಯಿಯ ಲೆಕ್ಕ ಹೇಳುಲಕ್ಕು.

ಎಷ್ಟೋ ವರ್ಷ ಹಾಂಗೇ ಮಾಡಿದವು. ಪಾಲಿನ ತೆಕ್ಕೊಂಡದು ಬೇರೆ ನಮುನೆಯ ಡಿಕ್ಕಿಂದ, ಎಲೆಕ್ಟ್ರಾನುದೆ ಪಾಸಿಟ್ರಾನುದೆ ಡಿಕ್ಕಿ ಹೊಡವಲ್ಲಿಂದ. ಅಲ್ಲಿ ನೂರು ಚಾರ್ಮಿಲ್ಲಿ ಆರರ ಹತ್ತರೆ ಮಾಂತ್ರ ಲಾಂಬ್ಡಾ ಸಿ ಹೇಳುವ ಮೂರು ಕ್ವಾರ್ಕಿನ ಕಣ ಆವ್ತು. ಎಲ್ಲಿಯಾದರೂ ಪಾಲು ಒಂದೇ ಹೇಳಿ ಎಲ್ಲೋರೂ ಗ್ರೇಶಿದ್ದದು. ಆಲಿಸಿನವು ಪ್ರೋಟಾನಿನ ಡಿಕ್ಕಿಲಿ ಎಲ್ಲ ನಮುನೆದನ್ನೂ ಒಂದೊಂದಾಗಿ ಎಣುಸಿ 2022ರಲ್ಲಿ ಪ್ರಕಟ ಮಾಡಿಯಪ್ಪಗ, ಲಾಂಬ್ಡಾ ಸಿ ನೂರರಲ್ಲಿ 20 ಇತ್ತು. ಡಿ ಸೊನ್ನೆ 39 ಮಾಂತ್ರ.

ಇದರ ನಮ್ಮ ಲೆಕ್ಕಲ್ಲಿ ಹೇಳ್ತೆ. ಬೆಳ್ಳಾರೆಲಿಪ್ಪ ತಂಗೆಯ ಮನೆಲಿ ನೂರು ಕಾಯಿಲಿ 54 ಹಪ್ಪಳಕ್ಕೆ ಹೋವ್ತು ಹೇಳಿ ಮಡಿಕ್ಕೊಳ್ಳಿ. ಎಂಗಳ ಮನೆಲಿ ಮಕ್ಕೊಗೆ ಪೆರಟಿ ಆಶೆ, ಹಾಂಗಾಗಿ ನೂರರಲ್ಲಿ 39 ಮಾಂತ್ರ ಹಪ್ಪಳಕ್ಕೆ. ತಂಗೆ ಬಂದು ಎನ್ನ ಹಪ್ಪಳ ನೋಡಿ ಅದರ ಮನೆಯ ಪಾಲಿಲ್ಲಿ ಲೆಕ್ಕ ಹಾಕಿರೆ, "ಅಕ್ಕ, ಈ ವರ್ಷ ನಿಂಗಳಲ್ಲಿ 72 ಕಾಯಿ ಆದ್ದದು" ಹೇಳುಗು. ಇತ್ತಿದ್ದದು ನೂರು. ಅಲ್ಲಿದೆ ಹಾಂಗೇ ಆತು. ಪ್ರೋಟಾನಿನ ಡಿಕ್ಕಿಲಿ ಹುಟ್ಟುವ ಚಾರ್ಮು ಅದುವರೆಗೆ ಬರದು ಮಡುಗಿದ್ದರಿಂದ ಶೇಕಡಾ ಸುಮಾರು 40 ಹೆಚ್ಚು ಹೇಳಿ ಹಳೇ ಲೆಕ್ಕಂಗಳ ಪುನಾ ಬರದವು. ಹೊಸ ಕಣ ಒಂದೂ ಸಿಕ್ಕಿದ್ದಿಲ್ಲೆ. ಎಲ್ಲ ಮೊದಲೇ ಇತ್ತಿದ್ದದೇ, ಎಣುಸಿಯಪ್ಪಗ ಗೊಂತಾತು. ಪ್ರೋಟಾನಿನ ಡಿಕ್ಕಿಲಿ ಪೆರಟಿ ಎಂತಕೆ ಅಷ್ಟು ಹೆಚ್ಚು ಆವ್ತು ಹೇಳುದಕ್ಕೆ ಎರಡು ಮೂರು ಕಾರಣ ಹೇಳ್ತವಡ, ಒಂದು ಒಪ್ಪಂದಕ್ಕೆ ಬಯಿಂದವಿಲ್ಲೆ.

ಕಂಡದಕ್ಕುದೆ ಅಳದ್ದಕ್ಕುದೆ ಎಷ್ಟು ವೆತ್ಯಾಸ ಹೇಳುದಕ್ಕೆ ಒಂದು ಹೆಮ್ಮಕ್ಕಳ ಕತೆಯನ್ನೂ ಮಗಳೇ ಹೇಳಿತ್ತು. ಬಿಭಾ ಚೌಧುರಿ ಹೇಳಿ, ಕೋಲ್ಕತ್ತದವು, 1913ರಲ್ಲಿ ಹುಟ್ಟಿದ್ದು. ದೇವೇಂದ್ರ ಮೋಹನ ಬೋಸರೊಟ್ಟಿಂಗೆ ಡಾರ್ಜಿಲಿಂಗಿನ ಗುಡ್ಡೆಲಿ ಫೋಟೋದ ಪ್ಲೇಟುಗಳ ತಿಂಗಳುಗಟ್ಟಲೆ ಮಡುಗಿ, ಆಕಾಶಂದ ಬಪ್ಪ ಕಣಂಗಳ ಗುರುತು ಹಿಡುದವು. ಅದರಲ್ಲಿ ಮೆಸಾನಿನ ಗುರುತು ಕಂಡತ್ತು. ತೂಕ ಇಷ್ಟು ಹೇಳಿ 1941–42ರಲ್ಲಿ ನೇಚರ್ ಪತ್ರಿಕೆಲಿ ಬರದವುದೆ. ಆದರೆ ಯುದ್ಧದ ಸಮಯ, ಅವಕ್ಕೆ ಬೇಕಾದ ಒಳ್ಳೆ ಜಾತಿಯ ಪ್ಲೇಟು ಸಿಕ್ಕಿದ್ದಿಲ್ಲೆ. ಹಾಂಗಾಗಿ ಅಳತೆಯ ಹೆಚ್ಚುಕಮ್ಮಿ ದೊಡ್ಡ ಒಳುದತ್ತು. ಮತ್ತೆ ಇಂಗ್ಲೆಂಡಿನ ಪೊವೆಲ್ ಹೇಳುವವ ಒಳ್ಳೆ ಪ್ಲೇಟಿಲ್ಲಿ ಅದೇ ನಮುನೆಯ ಕೆಲಸ ಮಾಡಿ ಪಯಾನಿನ ಸರಿಯಾಗಿ ಗುರುತುಸಿದ, 1950ರ ನೊಬೆಲ್ ಅವಂಗೆ ಹೋತು. ಬಿಭಾ ಚೌಧುರಿ ಮತ್ತೆ ನಮ್ಮ ಕೋಲಾರದ ಚಿನ್ನದ ಗಣಿಯ ಪ್ರಯೋಗಂಗಳಲ್ಲಿಯೂ ಇತ್ತಿದ್ದವಡ. ಆ ಗಣಿಯ ಆಳಲ್ಲಿಯೇ 1965ರಲ್ಲಿ ಗಾಳಿಲಿ ಹುಟ್ಟುವ ನ್ಯೂಟ್ರಿನೋ ಕಣಂಗಳ ಗುರುತು ಹಿಡುದ್ದು. ನಂಜನಗೂಡು ಹೊಡೆಯ ಶ್ರೀಕಂಠನ್ ಹೇಳುವವು ಆ ಗಣಿಲಿ ಮೊದಲಿಂದ ಅಳತೆ ಮಾಡಿಗೊಂಡಿತ್ತಿದ್ದವು. ಬಿಭಾ 1991ರಲ್ಲಿ ತೀರಿಹೋದವು. 2019ರಲ್ಲಿ ಒಂದು ನಕ್ಷತ್ರಕ್ಕೆ ಬಿಭಾ ಹೇಳಿ ಹೆಸರು ಮಡುಗಿದವು. ಎನಗೆ ಆ ನಕ್ಷತ್ರಂದ ಆ ಸಿಕ್ಕದ್ದ ಪ್ಲೇಟೇ ನೆಂಪಿಲ್ಲಿ ಒಳುದ್ದು.

ಬೆಂಗ್ಳೂರಿನ ಐಐಎಸ್‌ಸಿಲಿ ಇತ್ತಿದ್ದ ರೋಹಿಣಿ ಗೋಡ್ಬೋಲೆಯೂ ಇದೇ ವಿಷಯದವು, 2024ರ ಅಕ್ಟೋಬರಿಲ್ಲಿ ತೀರಿಹೋದವು. ಅವುದೆ ಇನ್ನೊಬ್ರುದೆ ಸೇರಿ ನಮ್ಮ ದೇಶದ ಹೆಮ್ಮಕ್ಕೊ ವಿಜ್ಞಾನಿಗಳ ಕತೆ ಸೇರ್ಸಿ 'ಲೀಲಾವತೀಸ್ ಡಾಟರ್ಸ್' ಹೇಳುವ ಪುಸ್ತಕ ಮಾಡಿದ್ದವು. ಮಗಳು ತಂದುಕೊಟ್ಟಿದು, ಮನೆಲಿದ್ದು. ಆರಿಂಗಾರೂ ಬೇಕಾರೆ ತೆಕ್ಕೊಂಡು ಹೋಗಿ, ವಾಪಾಸು ಕೊಡಿ ಮಾಂತ್ರ.

ಇದರಿಂದ ಎಂತ ಉಪಕಾರ ಹೇಳಿ ಕೇಳುವವಕ್ಕೆ ಎನ್ನ ಹತ್ತರೆ ಕಾಫಿಗೆ ಸಕ್ಕರೆ ಹಾಕಿದ ಹಾಂಗಿಪ್ಪ ಉತ್ತರ ಇಲ್ಲೆ. ಇದರಿಂದ ಅಡಕ್ಕೆಯ ಹಳದಿರೋಗ ಹೋಪಲೆ ಇಲ್ಲೆ. ಅದೇ ಸುರಂಗಲ್ಲಿ ಕೆಲವು ವಾರ ಸೀಸದ ಡಿಕ್ಕಿ ಹೊಡೆಶುತ್ತವು. ಅಂಬಗ ಪ್ರಪಂಚ ಹುಟ್ಟಿದ ಸುರುವಾಣ ಕ್ಷಣಲ್ಲಿ ಇತ್ತಿದ್ದ ಹಾಂಗಿಪ್ಪ, ಕ್ವಾರ್ಕುಗೊ ಬಿಡಿಬಿಡಿಯಾಗಿ ಕೊದಿವ ಒಂದು ನಮುನೆಯ ಎಸರು ಒಂದು ಗಳಿಗೆ ಆವ್ತು. ಚಾರ್ಮು ಆ ಎಸರಿನ ದಾಂಟಿ ಬಪ್ಪಗ ಅದರ ಓಟ ಕಮ್ಮಿ ಆವ್ತು. ಎಷ್ಟು ಕಮ್ಮಿ ಆತು ಹೇಳೆಕ್ಕಾರೆ ಎಸರು ಇಲ್ಲದ್ದ ಪ್ರೋಟಾನಿನ ಡಿಕ್ಕಿಲಿ ಎಷ್ಟಿತ್ತು ಹೇಳಿ ಸರಿಯಾಗಿ ಗೊಂತಿರೆಕ್ಕು. ಬೋರ್ಡೋ ಬಿಟ್ಟದರಿಂದ ಕೊಳೆರೋಗ ಕಮ್ಮಿ ಆತು ಹೇಳೆಕ್ಕಾರೆ ಬಿಡದ್ದ ತೋಟದ ಲೆಕ್ಕ ಬೇಡದೋ? ಎನ್ನ ಮಗಳು ಎಣುಸುದು ಆ ಮದ್ದು ಬಿಡದ್ದ ತೋಟದ ಲೆಕ್ಕವ. ಅದರ ಆರೂ ಹೊಗಳುತ್ತವಿಲ್ಲೆ, ಅದಿಲ್ಲದ್ದೆ ಆರಿಂಗೂ ನೆಡೆತ್ತೂ ಇಲ್ಲೆ.

ಸಿದ್ಧಾಂತದ ಹೊಡೆಯವು ಕಾಗದಲ್ಲಿ ಲೆಕ್ಕ ಹಾಕಿ ಇಷ್ಟು ಚಾರ್ಮು ಹುಟ್ಟುಗು ಹೇಳ್ತವಡ. ಅವರ ಲೆಕ್ಕದ ಹೆಚ್ಚುಕಮ್ಮಿ ಭಾರೀ ಅಗಲ, ಅಳದ್ದು ಯಾವಗಲೂ ಆ ಅಗಲದ ಮೇಗಾಣ ಅಂಚಿಲಿ ಬಂದು ಕೂರ್ತು. ಅಳವವರ ಹೆಚ್ಚುಕಮ್ಮಿ ಈಗ ಅವರದ್ದರಿಂದ ಎಷ್ಟೋ ಸಣ್ಣ. ಇದರ ಹೇಳುವಗ ಮಗಳ ಮೋರೆಲಿ ಒಂದು ಗತ್ತು ಇತ್ತು, ಎಸ್ಸೆಸೆಲ್ಸಿಲಿ ಗಣಿತಕ್ಕೆ ನೂರು ಬಂದಿಪ್ಪಗಳೂ ಆನು ಅದರ ಕಂಡಿದಿಲ್ಲೆ.

ಮದುವೆಯ ಸುದ್ದಿ ನಿಂಗೊ ಕೇಳಿಯೇ ಕೇಳ್ತಿ. ಎನಗುದೆ ತಲೆಬೆಶಿ ಇಲ್ಲೆ ಹೇಳಿ ಅಲ್ಲ, ಇರುಳು ವರಕ್ಕು ಬಾರದ್ದ ದಿನಂಗಳೂ ಇದ್ದು. ಇವು ಒಂದು ದಿನ ಊಟಕ್ಕೆ ಕೂದಿಪ್ಪಗ "ಥೀಸಿಸು ಕೊಟ್ಟಿಕ್ಕಿ ಊರಿಲ್ಲೇ ಒಂದು ಕಾಲೇಜಿಲ್ಲಿ ಪಾಠ ಮಾಡ್ಲಾಗದೋ" ಹೇಳಿ ಕೇಳಿದವು. ಅದು, "ಅಪ್ಪಾ, ಅಜ್ಜ ಬೊಟ್ಟು ಹಾಕದ್ದೆ ಬಿಟ್ಟ ಅಡಕ್ಕೆಯ ಲೆಕ್ಕ ಈಗ ಎನಗೆ ಗೊಂತಪ್ಪಲಾತು, ಇನ್ನು ಎರಡು ವರ್ಷ" ಹೇಳಿತ್ತು. ಜರ್ಮನಿಲಿ ಒಂದು ಜಾಗೆಂದ ಕಾಗದ ಬಯಿಂದು, ಲಾಂಬ್ಡಾ ಸಿ ಎಣುಸುವ ಕೆಲಸಕ್ಕೆ. ಇವು ಮಾತಾಡದ್ದೆ ಮಜ್ಜಿಗೆ ಬಳುಸಿಗೊಂಡವು. ಮರದಿನ ಪುತ್ತೂರಿಂಗೆ ಹೋಗಿ ದೊಡ್ಡ ಸೂಟ್‌ಕೇಸು ತಂದವು. ಆನು ಎಂತದೂ ಕೇಳಿದ್ದಿಲ್ಲೆ.

ಹೋಪಲೆ ಇಪ್ಪದು ಸೆಪ್ಟೆಂಬರಿಲ್ಲಿ. ಹಪ್ಪಳ 200 ಕಟ್ಟಿ ಮಡುಗಿದ್ದೆ, ಎಣುಸಿಯೇ ಮಡುಗಿದ್ದು. ಪೆರಟಿ ಎರಡು ಡಬ್ಬ. ಉಪ್ಪುಸೊಳೆಯ ನೀರು ತೆಗದು ಪ್ಯಾಕು ಮಾಡಿರೆ ವಿಮಾನಲ್ಲಿ ಬಿಡ್ತವೋ? ಮಕ್ಕೊ ಹೆರದೇಶಲ್ಲಿಪ್ಪವು ಆರಾದರೂ ಕಳುಸಿ ಗೊಂತಿದ್ದರೆ ಎನಗೊಂದು ಫೋನು ಮಾಡಿ.